ಎಷ್ಟು ಸಲ, ಎಷ್ಟು ದಿನಕ್ಕೆ: ಸ್ಪ್ಯಾನಿಷ್ ಪದಗಳ ಆಯ್ಕೆಯೂ ಕೋಲಾರ ಸೀಮೆಯ ಮಾತೂ



ಒಂದು ಕೆಲಸ ಎಷ್ಟು ಸಲ ನಡೆಯುತ್ತದೆ ಎಂದು ತಿಳಿಸುವ ಪದಗಳನ್ನು ಸ್ಪ್ಯಾನಿಷ್ ಪಠ್ಯಪುಸ್ತಕಗಳು ಸಾಮಾನ್ಯವಾಗಿ ಏಣಿಯಂತೆ ಜೋಡಿಸುತ್ತವೆ. ಮೇಲಿನ ಮೆಟ್ಟಿಲಲ್ಲಿ ‘ಸಿಯೆಂಪ್ರೆ’, ಅಂದರೆ ಯಾವಾಗಲೂ. ಅದರ ಕೆಳಗೆ ‘ಕಾಸಿ ಸಿಯೆಂಪ್ರೆ’, ಹೆಚ್ಚುಕಡಿಮೆ ಯಾವಾಗಲೂ. ಆಮೇಲೆ ‘ಆ ಮೆನೂದೊ’ (ಹಲವು ಸಲ), ‘ಆ ಬೇಸೆಸ್’ (ಕೆಲವು ಸಲ), ‘ದೆ ಬೆಸ್ ಎನ್ ಕ್ವಾಂದೊ’ (ಯಾವಾಗಲಾದರೂ ಒಮ್ಮೆ), ‘ರಾರಾ ಬೆಸ್’ (ಅಪರೂಪಕ್ಕೆ), ತಳದಲ್ಲಿ ‘ನೂಂಕಾ’ (ಎಂದೂ ಇಲ್ಲ). ಕೆಲವು ಪುಸ್ತಕಗಳು ಪಕ್ಕದಲ್ಲಿ ಶೇಕಡ 100ರಿಂದ 0ವರೆಗೆ ಅಂಕಿಯನ್ನೂ ಬರೆದುಬಿಡುತ್ತವೆ. ಪರೀಕ್ಷೆಗೆ ಇಷ್ಟು ಸಾಕು. ಮಾತಾಡುವುದಕ್ಕೆ ಮಾತ್ರ ಸಾಲದು. ‘ಆಗಾಗ ಬರುತ್ತಾನೆ’ ಎನ್ನುವುದಕ್ಕೂ ‘ಪದೇ ಪದೇ ಬರುತ್ತಾನೆ’ ಎನ್ನುವುದಕ್ಕೂ ಇರುವ ಅಂತರ ಬರೀ ಲೆಕ್ಕದ್ದಲ್ಲ. ಎರಡನೆಯದನ್ನು ಕೇಳಿದವರಿಗೆ ಬರುವವನ ಮೇಲೆ ಹೇಳುವವನಿಗೆ ಬೇಸರವಿದೆ ಎಂಬುದೂ ತಿಳಿಯುತ್ತದೆ.

ಈ ಉಪನ್ಯಾಸದ ವ್ಯಾಪ್ತಿ ಚಿಕ್ಕದು. ಸ್ಪ್ಯಾನಿಷ್ ಭಾಷೆಯ ಇಂಥ ಪದಗಳನ್ನು ಆರಿಸಿಕೊಳ್ಳುವಾಗ ಕನ್ನಡ ಬಲ್ಲವರಿಗೆ ಯಾವುದು ಸುಲಭ, ಯಾವುದು ಕಷ್ಟ ಎಂಬುದನ್ನು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಆಡುಮಾತನ್ನು ಮುಂದಿಟ್ಟುಕೊಂಡು ನೋಡುವುದು ಇಲ್ಲಿನ ಕೆಲಸ. ಈ ಸೀಮೆಯನ್ನೇ ಆರಿಸಿಕೊಂಡಿರುವುದಕ್ಕೆ ಕಾರಣವಿದೆ. ಆಂಧ್ರದ ಗಡಿಗೆ ಹೊಂದಿಕೊಂಡ ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ತೆಲುಗು ಮನೆಮಾತಾಗಿರುವ ಕುಟುಂಬಗಳು ಬಹಳ. ಹೊಸೂರಿನ ಕಡೆಗೆ ಮುಖ ಮಾಡಿರುವ ಮಾಲೂರಿನಲ್ಲಿ ತಮಿಳು ಕಿವಿಗೆ ಬೀಳುತ್ತದೆ. ಕೋಲಾರ ಪೇಟೆಯಲ್ಲಿ ಉರ್ದುವೂ ಸೇರುತ್ತದೆ. ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರರ ಮನೆಮಾತು ತಮಿಳು. 1983ರ ಜ್ಞಾನಪೀಠ ಬಂದದ್ದು ಅವರ ಕನ್ನಡಕ್ಕೆ. ‘ಎಷ್ಟು ಸಲ’ ಎಂಬುದನ್ನು ದಿನಾ ಎರಡು ಮೂರು ಭಾಷೆಗಳಲ್ಲಿ ಹೇಳುವ ಜನರಿಗೆ, ಒಂದು ಭಾಷೆಯ ಪದ ಇನ್ನೊಂದರ ಪದಕ್ಕೆ ಅಳತೆಗೆ ಅಳತೆ ಹೊಂದುವುದಿಲ್ಲ ಎಂಬುದು ಮೊದಲೇ ಗೊತ್ತು.

ಮೊದಲು ಎಣಿಸಬಹುದಾದ ಮಾತುಗಳು.

‘ಸಲ’ ಎಂಬುದಕ್ಕೆ ಸ್ಪ್ಯಾನಿಷ್‌ನಲ್ಲಿ ಹೆಚ್ಚಾಗಿ ‘ಬೆಸ್’ ಎಂಬ ಒಂದೇ ಪದ, ಬಹುವಚನದಲ್ಲಿ ‘ಬೇಸೆಸ್’. ಕೋಲಾರ ಸೀಮೆಯಲ್ಲಿ ಅದೇ ಅರ್ಥಕ್ಕೆ ಪದಗಳ ಸಂತೆಯೇ ಇದೆ. ಪುಸ್ತಕದಲ್ಲಿ ಸಲ, ಬಾರಿ. ಬಾಯಲ್ಲಿ ಸಾರಿ, ಸತಿ, ದಪ. ಹಳ್ಳಿಯ ಹಿರಿಯರಲ್ಲಿ ‘ಒಂದ್ ಕಿತ’. ‘ದಪ’ ಉರ್ದುವಿನ ದಫಾ. ‘ಸಾರಿ’ ತೆಲುಗಿಗೂ ಕನ್ನಡಕ್ಕೂ ಸಮಾನ. ವಾರಕ್ಕೊಮ್ಮೆ, ತಿಂಗಳಿಗೆರಡು ಸಾರಿ, ವರ್ಷಕ್ಕೊಂದು ದಪ: ಇವುಗಳಲ್ಲಿ ಕೆಲಸ ಮಾಡುತ್ತಿರುವುದು ಕ್ರಿಯಾವಿಶೇಷಣ ಎಂಬ ಬೇರೆ ಜಾತಿಯ ಪದವಲ್ಲ. ನಾಮಪದ, ಅದರ ಮೇಲೆ ಚತುರ್ಥಿ ವಿಭಕ್ತಿಯ ‘ಕ್ಕೆ’ ಅಥವಾ ‘ಗೆ’, ಆಮೇಲೆ ಎಣಿಕೆ. 13ನೆಯ ಶತಮಾನದ ಕೇಶಿರಾಜ ತನ್ನ ‘ಶಬ್ದಮಣಿದರ್ಪಣ’ದಲ್ಲಿ ಅವ್ಯಯಗಳಿಗೆ ಒಂದು ಪ್ರಕರಣವನ್ನೇ ಮೀಸಲಿಟ್ಟ. ಆದರೆ ಕನ್ನಡದಲ್ಲಿ ‘ಎಷ್ಟು ಸಲ’ ಎಂದು ತಿಳಿಸುವ ಹೊಣೆಯ ದೊಡ್ಡ ಪಾಲು ಅವ್ಯಯಗಳ ಮೇಲಿಲ್ಲ, ವಿಭಕ್ತಿಯ ಮೇಲಿದೆ. ಸ್ಪ್ಯಾನಿಷ್‌ನ ‘ಉನಾ ಬೆಸ್ ಆ ಲಾ ಸೆಮಾನಾ’ ವಾರಕ್ಕೊಮ್ಮೆ ಎಂಬುದರ ನೇರ ಜೋಡಿ; ಅಲ್ಲಿ ‘ಆ’ ಎಂಬ ಉಪಸರ್ಗ ಮಾಡುವುದನ್ನು ಇಲ್ಲಿ ‘ಕ್ಕೆ’ ಮಾಡುತ್ತದೆ.

ವಾರವನ್ನು ಎಣಿಸುವ ರೀತಿಯಲ್ಲಿ ಎರಡು ಭಾಷೆಗಳಿಗೂ ಇನ್ನೊಂದು ನಂಟಿದೆ. ‘ಎಂಟು ದಿನಕ್ಕೊಂದು ಸಾರಿ ಸಂತೆಗೆ ಹೋಗ್ತೀವಿ’ ಎಂದರೆ ವಾರಕ್ಕೊಮ್ಮೆ ಎಂದೇ ಅರ್ಥ. ‘ಹದಿನೈದು ದಿನಕ್ಕೊಮ್ಮೆ’ ಎಂದರೆ ಎರಡು ವಾರಕ್ಕೊಮ್ಮೆ. ಸೋಮವಾರದಿಂದ ಸೋಮವಾರಕ್ಕೆ ಎಣಿಸುವಾಗ ಹೊರಟ ದಿನವನ್ನೂ ಮುಟ್ಟಿದ ದಿನವನ್ನೂ ಲೆಕ್ಕಕ್ಕೆ ಹಿಡಿಯುವುದರಿಂದ ಏಳು ಎಂಟಾಗುತ್ತದೆ, ಹದಿನಾಲ್ಕು ಹದಿನೈದಾಗುತ್ತದೆ. ಮೆಕ್ಸಿಕೊ, ಕೊಲಂಬಿಯಾಗಳಲ್ಲಿ ‘ಕಾದಾ ಓಚೊ ದೀಅಸ್’, ಎಂಟು ದಿನಕ್ಕೊಮ್ಮೆ, ಎಂದರೆ ವಾರಕ್ಕೊಮ್ಮೆಯೇ. ಎರಡು ವಾರಕ್ಕೆ ಸ್ಪೇನಿನವರೂ ‘ಕಿನ್ಸೆ ದೀಅಸ್’, ಹದಿನೈದು ದಿನ, ಎನ್ನುತ್ತಾರೆ. ಇಂಗ್ಲಿಷಿನ ದಾರಿಯಲ್ಲಿ ಸ್ಪ್ಯಾನಿಷ್ ಕಲಿಯುವವರು ಇಲ್ಲಿ ತಡವರಿಸುತ್ತಾರೆ. ಕನ್ನಡದಿಂದ ನೇರವಾಗಿ ಹೋದವರಿಗೆ ಇದು ಪರಿಚಯದ ಲೆಕ್ಕ.

ಆದರೆ ‘ಓಚೊ’ ಗಂಟೆಗೆ ಸೇರಿದಾಗ ಎಂಟು ಎಂಟೇ. ವೈದ್ಯರು ‘ಕಾದಾ ಓಚೊ ಓರಾಸ್’ ಎಂದು ಬರೆದರೆ ಮಾತ್ರೆ ಎಂಟು ಗಂಟೆಗೊಮ್ಮೆ. ಕೋಲಾರದ ಔಷಧಿ ಅಂಗಡಿಯಲ್ಲಿ ಅದನ್ನು ‘ಮೂರು ಹೊತ್ತು’ ಎನ್ನುತ್ತಾರೆ. ಸಂಖ್ಯೆ ಒಂದೇ, ಹಿಡಿತ ಬೇರೆ. ‘ಹೊತ್ತು’ ಗಡಿಯಾರಕ್ಕೆ ಕಟ್ಟುಬಿದ್ದದ್ದಲ್ಲ, ಊಟಕ್ಕೆ ಕಟ್ಟುಬಿದ್ದದ್ದು. ರೇಷ್ಮೆ ಮನೆಯಲ್ಲೂ ಇದೇ ಮಾತು. ಹುಳಕ್ಕೆ ಮೂರು ಹೊತ್ತು ಸೊಪ್ಪು ಎಂದಾಗ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂದು ತಿಳಿಯಬೇಕೇ ಹೊರತು ಸಮಸಮ ಅಂತರವೆಂದಲ್ಲ. ಹುಳ ಜ್ವರಕ್ಕೆ ಕೂತು ಪೊರೆ ಬಿಡುವಾಗ ಆ ಮೂರು ಹೊತ್ತೂ ಇಲ್ಲ.

ಇಲ್ಲಿಂದ ಅಂತರದ ಮಾತಿಗೆ ಹೊರಳಬಹುದು. ಕನ್ನಡಿಗರೂ ಕನ್ನಡಿಗರೊಡನೆ ಎಡವುವ ಜಾಗ ಇದು. ನಲ್ಲಿಯಲ್ಲಿ ‘ಎರಡು ದಿನಕ್ಕೊಮ್ಮೆ’ ನೀರು ಬರುತ್ತದೆ ಎಂದರೆ ಸೋಮವಾರ ಬಂದದ್ದು ಬುಧವಾರ ಬರುತ್ತದೆ. ‘ಎರಡು ದಿನ ಬಿಟ್ಟು’ ಬರುತ್ತದೆ ಎಂದರೆ ಗುರುವಾರ. ‘ದಿನ ಬಿಟ್ಟು ದಿನ’ ಎಂದರೆ ಮತ್ತೆ ಬುಧವಾರ. ‘ಕ್ಕೊಮ್ಮೆ’ ಎಂಬುದು ಸುತ್ತನ್ನು ಎಣಿಸುತ್ತದೆ; ‘ಬಿಟ್ಟು’ ಎಂಬುದು ನಡುವಿನ ಖಾಲಿ ದಿನಗಳನ್ನು ಎಣಿಸುತ್ತದೆ. ಒಂದು ಬಿಂದಿಗೆ ಹೆಚ್ಚಿಗೆ ಹಿಡಿದಿಡಬೇಕೋ ಬೇಡವೋ ಎಂಬುದು ಈ ಒಂದು ಪದದ ಮೇಲೆ ನಿಂತಿದೆ. ಸ್ಪ್ಯಾನಿಷ್‌ನಲ್ಲಿ ‘ಕಾದಾ ದೊಸ್ ದೀಅಸ್’ ಎಂದರೆ ಎರಡು ದಿನಕ್ಕೊಮ್ಮೆ. ಅದಕ್ಕಿಂತ ಮಾತಿನ ಸೊಗಸಿರುವುದು ‘ಉನ್ ದೀಆ ಸಿ ಇ ಓತ್ರೊ ನೊ’ ಎಂಬುದರಲ್ಲಿ: ಒಂದು ದಿನ ಹೌದು, ಇನ್ನೊಂದು ದಿನ ಇಲ್ಲ. ದಿನ ಬಿಟ್ಟು ದಿನ ಎಂಬುದಕ್ಕೆ ಇದೇ ಸರಿಯಾದ ಜೋಡಿ. ಟೊಮೇಟೊ ತೋಟದಲ್ಲಿ ಹಣ್ಣು ಬಿಡಿಸುವವರಿಗೆ, ಹದಿನೈದು ಕಿಲೋ ಬಾಕ್ಸುಗಳನ್ನು ಕೋಲಾರದ ಮಂಡಿಗೆ ಹಾಕುವವರಿಗೆ ಈ ಲೆಕ್ಕ ಬಾಯಿಪಾಠ. ಅಂದಹಾಗೆ, ‘ಟೊಮೇಟೊ’ ಎಂಬ ಪದವೇ ಸ್ಪ್ಯಾನಿಷ್‌ನ ‘ತೊಮಾತೆ’ಯಿಂದ ಬಂದದ್ದು, ಸ್ಪ್ಯಾನಿಷರಿಗೆ ಅದನ್ನು ಕೊಟ್ಟದ್ದು ಮೆಕ್ಸಿಕೊದ ನಾವಾತ್ಲ್ ಭಾಷೆ.

ಶ್ರೀನಿವಾಸಪುರದ ಮಾವಿನ ತೋಪುಗಳಲ್ಲಿ ದಿನದ ಜಾಗಕ್ಕೆ ವರ್ಷ ಬರುತ್ತದೆ. ಮಾವು ಒಂದು ವರ್ಷ ಬಿಟ್ಟು ಒಂದು ವರ್ಷ ಹಿಡಿಯುವ ಮರ. ಒಂದು ವರ್ಷ ಕೊಂಬೆ ಬಾಗುವಷ್ಟು ಕಾಯಿ ಹೊತ್ತ ಬಾದಾಮಿ ತಳಿಯ ಮಾವಿನ ಮರ ಮರುವರ್ಷ ದಣಿವಾರಿಸಿಕೊಳ್ಳುವಂತೆ ಚಿಗುರಷ್ಟೇ ಒಡೆಯುತ್ತದೆ. ತೋತಾಪುರಿಯಲ್ಲಿ ಈ ಗುಣ ಕಡಿಮೆ. ಸ್ಪೇನಿನ ಆಲಿವ್ ತೋಟಗಳಲ್ಲಿ ಇದೇ ಸ್ವಭಾವಕ್ಕೆ ‘ಬೆಸೆರೀಆ’ ಎಂಬ ಹೆಸರಿದೆ. ಆ ಪದ ಹುಟ್ಟಿದ್ದು ‘ಬೆಸ್’ನಿಂದ, ಅಂದರೆ ‘ಸಲ’ ಎಂಬುದರಿಂದ. ಸರದಿಯ ಮೇಲೆ ಫಲ ಕೊಡುವ ಮರ ಎಂಬ ಭಾವ ಅದರಲ್ಲಿದೆ. ಕನ್ನಡದ ರೈತ ಇಡೀ ವಾಕ್ಯದಲ್ಲಿ ಹೇಳುವುದನ್ನು ಅಲ್ಲಿನವರು ಒಂದೇ ಪದದಲ್ಲಿ ಕಟ್ಟಿದ್ದಾರೆ.

ಎಣಿಕೆಯ ಭಾಗ ಮುಗಿಯುವ ಮುನ್ನ ಒಂದು ಎಚ್ಚರಿಕೆ ಸಲ್ಲಬೇಕು. ‘ತೊದೊಸ್ ಲೊಸ್ ದೀಅಸ್’ ಎಂದರೆ ದಿನಾಲೂ. ‘ತೊದೊ ಎಲ್ ದೀಆ’ ಎಂದರೆ ದಿನವಿಡೀ. ಕಲಿಯುವವರು ಇವೆರಡನ್ನು ಸದಾ ಅದಲುಬದಲು ಮಾಡುತ್ತಾರೆ. ‘ದಿನಾ ಡೈರಿಗೆ ಹಾಲು ಹಾಕುತ್ತೇವೆ’ ಎನ್ನಲು ಹೋಗಿ ‘ದಿನವೆಲ್ಲ ಹಾಲು ಹಾಕುತ್ತೇವೆ’ ಎಂದಂತಾಗುತ್ತದೆ. ದಿನಾ, ದಿನವೆಲ್ಲ ಎಂಬ ಕನ್ನಡದ ಜೋಡಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ತಪ್ಪು ತಾನೇ ತಪ್ಪುತ್ತದೆ.

ಎರಡನೆಯದಾಗಿ, ಎಣಿಸದೆ ಹೇಳುವ ಮಾತುಗಳನ್ನು ನೋಡಬೇಕು. ಇವುಗಳಲ್ಲಿ ಕನ್ನಡದ ಮುಖ್ಯ ಉಪಾಯ ದ್ವಿರುಕ್ತಿ. ಆಗ ಎಂಬುದು ಎರಡು ಸಲ ಬಂದು ಆಗಾಗ; ಒಮ್ಮೆ ಎರಡು ಸಲ ಬಂದು ಒಮ್ಮೊಮ್ಮೆ. ಮತ್ತೆ ಮತ್ತೆ, ಮೇಲಿಂದ ಮೇಲೆ, ಪದೇ ಪದೇ, ಮಾತು ಮಾತಿಗೆ, ಅಡಿಗಡಿಗೆ. ನಡೆದದ್ದು ಮರುಕಳಿಸಿದರೆ ಪದವೂ ಮರುಕಳಿಸುತ್ತದೆ. ಸಂಸ್ಕೃತದ ಪದವನ್ನು ಎರಡು ಸಲ ಹೇಳುವ ಸಂದರ್ಭಗಳಲ್ಲಿ ಪಾಣಿನಿ ಎರಡನ್ನು ಗುರುತಿಸಿದ್ದ: ಬಿಡದೆ ನಡೆಯುವುದು, ಒಂದೊಂದಕ್ಕೂ ಅನ್ವಯಿಸುವುದು. ‘ಮತ್ತೆ ಮತ್ತೆ’ ಮೊದಲನೆಯ ಬಗೆ, ‘ಮನೆಮನೆಗೂ’ ಎರಡನೆಯದು. ಸ್ಪ್ಯಾನಿಷ್ ಇಂಥ ಇಮ್ಮಡಿಯನ್ನು ಅಪರೂಪವಾಗಿ ಬಳಸುತ್ತದೆ. ಅದು ನೆಚ್ಚುವುದು ಪದಗುಚ್ಛಗಳನ್ನು. ‘ಆ ಮೆನೂದೊ’ದ ‘ಮೆನೂದೊ’ ಎಂದರೆ ಸಣ್ಣದು. ಸಣ್ಣ ಸಣ್ಣ ಅಂತರದಲ್ಲಿ ನಡೆಯುವುದು ಎಂದು ಅದನ್ನು ನೆನಪಿಟ್ಟುಕೊಳ್ಳಬಹುದು.

‘ಆಗಾಗ’ಕ್ಕೆ ಸಮನಾದ ಸ್ಪ್ಯಾನಿಷ್ ಪದ ಯಾವುದು ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಕನ್ನಡದ ಆಗಾಗ ಹಿಗ್ಗುವ ಕುಗ್ಗುವ ಪದ. ‘ಆಗಾಗ ಮಳೆ ಬರ್ತಿದೆ’ ಎಂದರೆ ಸಾಕಷ್ಟು ಬರುತ್ತಿದೆ. ‘ಆಗಾಗ ನೆನಪಾಗ್ತಾನೆ’ ಎಂದರೆ ಅಷ್ಟೇನಿಲ್ಲ. ತೆಲುಗಿನ ‘ಅಪ್ಪುಡಪ್ಪುಡು’ ಕಟ್ಟಿನಲ್ಲಿ ಅದರ ಅವಳಿಯೇ ಆದರೂ ಅರ್ಥದಲ್ಲಿ ಕಡಿಮೆಯ ಕಡೆಗೆ ವಾಲುತ್ತದೆ. ಹೆಚ್ಚು ಸಲ ಎನ್ನಬೇಕಾದರೆ ತೆಲುಗಿನವರಿಗೆ ‘ಮಾಟಿಮಾಟಿಕಿ’ ಇದೆ, ನಮ್ಮ ‘ಮಾತು ಮಾತಿಗೆ’ ಇದ್ದಂತೆ. ಮುಳಬಾಗಿಲಿನ ತೆಲುಗು ಮನೆಯವರು ಕನ್ನಡದಲ್ಲಿ ‘ಆಗಾಗ ಬರ್ತಿರಿ’ ಎಂದಾಗ ಕೇಳುವವರು ಎಷ್ಟು ಸಲ ಬರಬೇಕೆಂದು ತಿಳಿಯಬೇಕು? ತಿಳಿಯುವುದು ಪದದಿಂದಲ್ಲ, ಕರೆದವರ ಮುಖದಿಂದ. ಆದ್ದರಿಂದ ಕಡಿಮೆಯ ಅರ್ಥವಿದ್ದರೆ ‘ದೆ ಬೆಸ್ ಎನ್ ಕ್ವಾಂದೊ’, ಹೆಚ್ಚಿನ ಅರ್ಥವಿದ್ದರೆ ‘ಆ ಮೆನೂದೊ’ ಎಂದು ಸಂದರ್ಭ ನೋಡಿ ಆರಿಸಬೇಕು. ಊರೂ ನೋಡಬೇಕು. ಸ್ಪೇನಿನಲ್ಲಿ ‘ಆ ಮೆನೂದೊ’ ಎನ್ನುವ ಕಡೆ ಮೆಕ್ಸಿಕೊದವರೂ ಅರ್ಜೆಂಟೀನಾದವರೂ ಮಾತಿನಲ್ಲಿ ‘ಸೆಗೀದೊ’ ಎಂದುಬಿಡುತ್ತಾರೆ.

ಪದಕ್ಕೆ ಅಂಟಿರುವ ಭಾವ ಇನ್ನೂ ಸೂಕ್ಷ್ಮ. ‘ಪದೇ ಪದೇ’ ಸಂಸ್ಕೃತದಿಂದ ಬಂದದ್ದು, ಹೆಜ್ಜೆ ಹೆಜ್ಜೆಗೂ ಎಂದು ಅರ್ಥ. ಕನ್ನಡದ ‘ಅಡಿಗಡಿಗೆ’ಯೂ ಅದೇ. ಮಾಲೂರಿನ ಗಡಿ ದಾಟಿದರೆ ಕೇಳುವ ತಮಿಳಿನ ‘ಅಡಿಕ್ಕಡಿ’ಯೂ ಇದೇ ಕಟ್ಟು. ಆದರೆ ತಮಿಳಿನವರು ‘ಅಡಿಕ್ಕಡಿ’ಯನ್ನು ಯಾವ ಬೇಸರವೂ ಇಲ್ಲದೆ ಹೇಳುತ್ತಾರೆ. ಕನ್ನಡದ ‘ಪದೇ ಪದೇ’ಯಲ್ಲಿ ಸಣ್ಣ ಸಿಡುಕಿದೆ: ಪದೇ ಪದೇ ಕರೆಂಟು ಹೋಗುತ್ತದೆ, ಪದೇ ಪದೇ ಫೋನ್ ಮಾಡ್ತಾನೆ. ಪದೇ ಪದೇ ಊಟಕ್ಕೆ ಕರೆದರು ಎಂದರೆ ಕರೆದವರಿಗೆ ಮರ್ಯಾದೆ ಕೊಟ್ಟಂತಾಗುವುದಿಲ್ಲ. ಸಿಡುಕು ಇನ್ನೂ ಹೆಚ್ಚಿದರೆ ‘ಯಾವಾಗ ನೋಡಿದರೂ’. ಇದಕ್ಕೆ ಸ್ಪ್ಯಾನಿಷ್‌ನಲ್ಲಿ ಬೇರೆ ಪದ ಹುಡುಕಬೇಕಾಗಿಲ್ಲ. ‘ಸಿಯೆಂಪ್ರೆ’ಯನ್ನೇ ‘ಸಿಯೆಂಪ್ರೆ ಎಸ್ತಾಸ್’ ಎಂದು ‘ಮಾಡುತ್ತಲೇ ಇರುತ್ತೀಯ’ ಎಂಬ ಕ್ರಿಯಾರೂಪದೊಂದಿಗೆ ಸೇರಿಸಿದರೆ ದೂರು ತಾನಾಗಿ ಬರುತ್ತದೆ. ‘ಸದಾ’ ಎಂಬುದು ಎರಡೂ ಕಡೆ ಸಲ್ಲುತ್ತದೆ. ಕೋಲಾರದ ಬೆಟ್ಟದ ಅಂತರಗಂಗೆಯಲ್ಲಿ ಕಲ್ಲಿನ ಬಸವನ ಬಾಯಿಂದ ಸದಾ ನೀರು ಬೀಳುತ್ತದೆ ಎಂಬಲ್ಲಿ ಎಡೆಬಿಡದ ಹರಿವಿದೆ. ಸಲ ಎಂಬುದನ್ನೇ ಅಲ್ಲಿ ಎಣಿಸಲಾಗದು. ‘ಸದಾ ಮೊಬೈಲು’ ಎಂದು ಅಮ್ಮ ಗೊಣಗುವಲ್ಲಿ ಎಣಿಕೆಗಿಂತ ಅಸಮಾಧಾನವೇ ಮುಂದು.

ಏಣಿಯ ಕೆಳಗಿನ ಮೆಟ್ಟಿಲುಗಳಿಗೆ ಹಲವು ಭಾಷೆಗಳು ಪಂಚಾಂಗದಿಂದ ಸಾಲ ತರುತ್ತವೆ. ‘ಅಮಾವಾಸ್ಯೆಗೊಂದು ಸಲ, ಹುಣ್ಣಿಮೆಗೊಂದು ಸಲ’ ಎಂದರೆ ಬಲು ಅಪರೂಪಕ್ಕೆ. ತೆಲುಗಿನಲ್ಲೂ ‘ಅಮಾವಾಸ್ಯಕೋ ಪುನ್ನಮಿಕೋ’. ಲೆಕ್ಕ ಹಾಕಿದರೆ ಅದು ತಿಂಗಳಿಗೆ ಎರಡು ಸಲ, ಏನೂ ಕಡಿಮೆಯಲ್ಲ. ಆದರೂ ಯಾರೂ ಲೆಕ್ಕ ಹಾಕುವುದಿಲ್ಲ. ಸ್ಪ್ಯಾನಿಷರದು ‘ದೆ ಪಾಸ್ಕ್ವಾಸ್ ಆ ರಾಮೊಸ್’, ಈಸ್ಟರಿನಿಂದ ಗರಿಗಳ ಭಾನುವಾರಕ್ಕೆ. ಗರಿಗಳ ಭಾನುವಾರ ಬರುವುದು ಈಸ್ಟರಿಗೆ ಒಂದು ವಾರ ಮುಂಚೆ. ಹಾಗಾಗಿ ಈಸ್ಟರು ಕಳೆದ ಮೇಲೆ ಅದಕ್ಕಾಗಿ ಹೆಚ್ಚುಕಡಿಮೆ ಇಡೀ ವರ್ಷ ಕಾಯಬೇಕು. ಇನ್ನೊಂದು ನುಡಿಗಟ್ಟು ತೋಟದ್ದು, ‘ದೆ ಈಗೊಸ್ ಆ ಬ್ರೇಬಾಸ್’. ಕೆಲವು ಅಂಜೂರದ ಮರಗಳು ಬೇಸಿಗೆಯ ಆರಂಭದಲ್ಲಿ ‘ಬ್ರೇಬಾ’ ಎಂಬ ಮೊದಲ ಹಣ್ಣನ್ನೂ ಬೇಸಿಗೆಯ ಕೊನೆಯಲ್ಲಿ ‘ಈಗೊ’ ಎಂಬ ಎರಡನೆಯ ಹಣ್ಣನ್ನೂ ಕೊಡುತ್ತವೆ. ಮೊದಲನೆಯದರಿಂದ ಎರಡನೆಯದಕ್ಕೆ ಒಂದೆರಡು ತಿಂಗಳು. ಎರಡನೆಯದರಿಂದ ಮರುವರ್ಷದ ಮೊದಲನೆಯದಕ್ಕೆ ಚಳಿಗಾಲ ಪೂರ್ತಿ ಕಳೆಯಬೇಕು. ನುಡಿಗಟ್ಟು ಹಿಡಿದಿರುವುದು ಆ ಉದ್ದದ ಕಡೆಯನ್ನು. ಮಾವಿನ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಮೂರನೆಯ ವಿಷಯಕ್ಕೆ ಬರಬಹುದು. ಎಲ್ಲಕ್ಕಿಂತ ತೊಡಕಿನದು ಇದೇ: ಯಾವಾಗಲೂ ಎಂಬುದೂ ಎಂದಿಗೂ ಇಲ್ಲ ಎಂಬುದೂ.

‘ಸಿಯೆಂಪ್ರೆ’ ಮತ್ತು ‘ನೂಂಕಾ’ ಸ್ಪ್ಯಾನಿಷ್‌ನಲ್ಲಿ ಎರಡು ಬೇರೆ ಪದಗಳು. ಕನ್ನಡದಲ್ಲಿ ‘ನೂಂಕಾ’ಕ್ಕೆ ಸ್ವಂತ ಪದವಿಲ್ಲ. ಯಾವಾಗ ಎಂಬ ಪ್ರಶ್ನೆಗೆ ‘ಊ’ ಸೇರಿ ಯಾವಾಗಲೂ, ಯಾವತ್ತು ಎಂಬುದಕ್ಕೆ ‘ಊ’ ಸೇರಿ ಯಾವತ್ತೂ, ಎಂದು ಎಂಬುದಕ್ಕೆ ಸೇರಿ ಎಂದೂ. ತೆಲುಗಿನ ‘ಎಪ್ಪುಡೂ’, ತಮಿಳಿನ ‘ಎಪ್ಪೋದುಂ’ ಕೂಡ ಹೀಗೆಯೇ ಆದವು. ‘ಯಾವತ್ತೂ ನಗ್ತಾನೆ’ ಎಂದರೆ ಸಿಯೆಂಪ್ರೆ. ‘ಯಾವತ್ತೂ ನಗಲ್ಲ’ ಎಂದರೆ ನೂಂಕಾ. ಪದ ಅದೇ, ತೀರ್ಪು ಕೊಡುವುದು ಕೊನೆಯಲ್ಲಿ ಬರುವ ಕ್ರಿಯಾಪದ. ‘ಊ’ ಬದಲು ‘ಓ’ ಬಂದರೆ ಕಥೆಯೇ ಬೇರೆ. ‘ಯಾವಾಗಲೋ ಒಂದು ಸಲ’ ಎಂದರೆ ರಾರಾ ಬೆಸ್. ‘ಯಾವಾಗಲಾದರೂ ಒಮ್ಮೆ’ ಎಂದರೆ ದೆ ಬೆಸ್ ಎನ್ ಕ್ವಾಂದೊ. ಪಠ್ಯಪುಸ್ತಕದ ಏಣಿಯ ಅರ್ಧ ಮೆಟ್ಟಿಲುಗಳನ್ನು ಕನ್ನಡ ಒಂದೇ ಪದದ ಬಾಲದಲ್ಲಿ ಇಳಿಯುತ್ತದೆ.

ಈ ಸೌಕರ್ಯಕ್ಕೆ ಬೆಲೆಯೂ ಇದೆ. ಮುಳಬಾಗಿಲಿನ ಬಸ್ ನಿಲ್ದಾಣದಲ್ಲಿ ಒಬ್ಬರು ಕಂಡಕ್ಟರನ್ನು ಕೇಳುತ್ತಾರೆ ಎಂದಿಟ್ಟುಕೊಳ್ಳಬಹುದು: ‘ಅಣ್ಣಾ, ಈ ಬಸ್ಸು ಊರೊಳಕ್ಕೆ ಹೋಗ್ತದಾ?’ ಉತ್ತರ: ‘ಯಾವಾಗ್ಲೂ ಹೋಗಲ್ಲಣ್ಣ.’ ಕೆಲವು ಸಲ ಹೋಗುತ್ತದೆ ಎಂದೋ, ಹೋಗುವುದೇ ಇಲ್ಲ ಎಂದೋ? ಬರೆದಿಟ್ಟ ವಾಕ್ಯ ಎರಡಕ್ಕೂ ಸಲ್ಲುತ್ತದೆ. ಬಾಯಿಮಾತಿನಲ್ಲಿ ‘ಯಾವಾಗ್ಲೂ’ ಎಂಬುದನ್ನು ಒತ್ತಿ ಸ್ವಲ್ಪ ಎಳೆದರೆ ಮೊದಲನೆಯ ಅರ್ಥ. ಎಳೆಯದೆ ‘ಹೋಗಲ್ಲ’ ಎಂಬುದನ್ನು ಕಡಿದಂತೆ ಹೇಳಿದರೆ ಎರಡನೆಯದು. ಅನುಮಾನಕ್ಕೆ ಎಡೆ ಕೊಡಬಾರದೆಂದರೆ ‘ಯಾವಾಗ್ಲೂ ಏನ್ ಹೋಗಲ್ಲ, ಒಂದೊಂದ್ ಸಾರಿ ಹೋಗ್ತದೆ’ ಎಂದೋ ‘ಯಾವತ್ತೂ ಹೋಗಲ್ಲ’ ಎಂದೋ ಬಿಡಿಸಿ ಹೇಳಬೇಕಾಗುತ್ತದೆ. ಸ್ಪ್ಯಾನಿಷ್‌ನಲ್ಲಿ ನಕಾರ ಎಲ್ಲಿ ನಿಂತಿದೆ ಎಂಬುದರಿಂದಲೇ ಇದು ತೀರ್ಮಾನವಾಗುತ್ತದೆ. ‘ನೊ’ ಮುಂದೆ ಬಂದು ‘ನೊ ಸಿಯೆಂಪ್ರೆ’ ಎಂದಾದರೆ ಎಲ್ಲ ಸಲವೂ ಅಲ್ಲ. ಒಂದು ಸಲವೂ ಇಲ್ಲ ಎನ್ನಲು ‘ನೂಂಕಾ’. ಪದಗಳನ್ನು ತಿರುಗಿಸಿ ‘ಸಿಯೆಂಪ್ರೆ ನೊ’ ಎಂದರೆ ಮೆಕ್ಸಿಕೊದಲ್ಲಿ ಮತ್ತೇನೋ ಆಗುತ್ತದೆ: ‘ಕೊನೆಗೆ ಬೇಡವೆಂದುಕೊಂಡೆ’ ಎಂಬ ಅರ್ಥ. ಬಸ್ಸಿಗೂ ಅದಕ್ಕೂ ಸಂಬಂಧವಿಲ್ಲ.

‘ನೂಂಕಾ’ದ ಜಾಗವೂ ಮುಖ್ಯ. ಕ್ರಿಯಾಪದಕ್ಕಿಂತ ಮುಂಚೆ ಬಂದರೆ ಅದೊಂದೇ ಸಾಕು: ‘ನೂಂಕಾ ಬಿಯೆನೆ’, ಎಂದೂ ಬರುವುದಿಲ್ಲ. ಕ್ರಿಯಾಪದದ ನಂತರ ಬಂದರೆ ಮುಂದೆ ‘ನೊ’ ಬೇಕೇ ಬೇಕು: ‘ನೊ ಬಿಯೆನೆ ನೂಂಕಾ’. ಕನ್ನಡದವರ ಕಿವಿಗೆ ಎರಡನೆಯದೇ ಸಹಜ; ಎಂದೂ ಎಂದ ಮೇಲೆ ಕ್ರಿಯಾಪದಕ್ಕೂ ನಕಾರ ಹಚ್ಚುವುದು ಕನ್ನಡದ ಅಭ್ಯಾಸ. ಆ ಅಭ್ಯಾಸದಿಂದಲೇ ಮೊದಲನೆಯ ಕಡೆಯೂ ‘ನೊ’ ತುರುಕುವ ತಪ್ಪು ಆಗುತ್ತದೆ. ಇನ್ನು ‘ಹಾಮಾಸ್’ ಎಂಬುದು ನೂಂಕಾಕ್ಕಿಂತ ಬಲವಾದ ನಕಾರ. ಆಣೆ ಇಟ್ಟಂತೆ ಹೇಳುವಲ್ಲಿ ಬರುತ್ತದೆ. ಆದರೆ ‘ಪೊರ್ ಸಿಯೆಂಪ್ರೆ ಹಾಮಾಸ್’ ಎಂಬಲ್ಲಿ ಅದೇ ಪದ ಎಂದೆಂದಿಗೂ ಎಂಬ ಹೌದಿನ ಕಡೆ ನಿಲ್ಲುತ್ತದೆ. ಕನ್ನಡದ ‘ಎಂದೆಂದಿಗೂ’ ಹೀಗೆ ಎರಡೂ ದಡ ಮುಟ್ಟುವ ಪದವಾದ್ದರಿಂದ ಇಲ್ಲಿನವರಿಗೆ ಅದು ವಿಚಿತ್ರವೆನಿಸದು.

ಕೊನೆಯದಾಗಿ, ಯಾವ ಕ್ರಿಯಾವಿಶೇಷಣವೂ ಬೇಡವಾದ ಸಂದರ್ಭಗಳಿವೆ. ಸ್ಪ್ಯಾನಿಷ್‌ನಲ್ಲಿ ‘ಸೊಲೆರ್’ ಎಂಬ ಕ್ರಿಯಾಪದವೇ ವಾಡಿಕೆಯನ್ನು ಹೇಳುತ್ತದೆ. ‘ಸಾಮಾನ್ಯವಾಗಿ’ ಎಂಬುದನ್ನು ಪ್ರತ್ಯೇಕ ಸೇರಿಸಬೇಕಾಗಿಲ್ಲ. ಅದಕ್ಕೆ ಭವಿಷ್ಯತ್ ರೂಪ ಬಳಕೆಯಲ್ಲಿಲ್ಲ. ವಾಡಿಕೆ ಎಂಬುದು ಆಗಲೇ ಬೇರೂರಿರಬೇಕಲ್ಲ. ಹಿಂದೆ ನಡೆಯುತ್ತಿದ್ದ ಕೆಲಸಕ್ಕೆ ಬೇರೊಂದು ಭೂತಕಾಲವಿದೆ: ‘ಬೆನೀಆ’ ಎಂದರೆ ಬರುತ್ತಿದ್ದ, ‘ಬೀನೊ’ ಎಂದರೆ ಬಂದ. ಕನ್ನಡದಲ್ಲಿ ಇದನ್ನು ಮಾಡುವ ಬಗೆಗಳು ಹೆಚ್ಚು. ‘ಬರ್ತಿರ್ತಾನೆ’ ಎಂದರೆ ಸಾಕಷ್ಟು ಸಲ. ‘ಬರುವುದುಂಟು’ ಎಂದರೆ ಕಡಿಮೆ, ಆದರೂ ಇಲ್ಲವೆನ್ನುವಂತಿಲ್ಲ. ‘ಬಂದು ಹೋಗಿ ಮಾಡ್ತಾನೆ’ ಎಂದರೆ ನಂಟು ಕಡಿದಿಲ್ಲ. ಕೆರೆ ಕೋಡಿ ಬೀಳುವುದುಂಟೇ ಎಂದು ಕೇಳಿದರೆ, ವರ್ಷವಿಡೀ ಹರಿಯುವ ನದಿಯಿಲ್ಲದ ಈ ಜಿಲ್ಲೆಯ ಹಿರಿಯರು ‘ಬೀಳ್ತಿತ್ತು’ ಎನ್ನುತ್ತಾರೆ. ಆ ಒಂದು ಕ್ರಿಯಾಪದದಲ್ಲಿ ಹಿಂದೆ ಹಲವು ಸಲ ಬಿದ್ದದ್ದೂ ಆಮೇಲೆ ನಿಂತುಹೋದದ್ದೂ ಎರಡೂ ಇವೆ. ಸ್ಪ್ಯಾನಿಷ್‌ನಲ್ಲಿ ಅದನ್ನು ಹೇಳಲು ‘ಸೊಲೀಆ’ ಎಂಬ ಭೂತರೂಪವೂ ಜೊತೆಗೆ ಕ್ರಿಯಾಪದದ ಮೂಲರೂಪವೂ ಸಾಕು. ‘ಆ ಮೆನೂದೊ’ ಬೇಕಿಲ್ಲ.